ಮೃದಂಗವೂ ಗಣಕಯಂತ್ರವೂ

ಮೃದಂಗವನ್ನು ಅಭ್ಯಾಸಮಾಡುವ ಹುಡುಗನಿರುವ ಮನೆಯಲ್ಲಿ ಗೃಹಸ್ಥನಾದವನು ಕೆಲವು ಸಂಗತಿಗಳಿಗೆ ಒಗ್ಗಿಕೊಳ್ಳಲೇಬೇಕಾಗುತ್ತದೆ. ಡಬ್ಬಿಯಲ್ಲಿನ ರವೆಯು ಉಪ್ಪಿಟ್ಟಿಗಿಂತ ಮೊದಲು ವಾದ್ಯದ ಎಡಮುಖಕ್ಕೆ ವಿನಿಯೋಗವಾಗುವುದು. ಊಟಕ್ಕೆ ಕುಳಿತವನ ಎಡಗೈ ತೊಡೆಯ ಮೇಲೆ ಸುಮ್ಮನಿರದೆ ಮಿಶ್ರಗತಿಯಲ್ಲಿ ಓಡುತ್ತಿರುವುದು. ಬಂದ ನೆಂಟರು ಮಧ್ಯಾಹ್ನ ಕಣ್ಣುಮುಚ್ಚಬೇಕೆಂದರೆ ಹಿಂದಿನ ಕೋಣೆಯ ಬಾಗಿಲು ಹಾಕಿದೆಯೆ ಎಂದು ಮೊದಲು ವಿಚಾರಿಸುವರು. ನಮ್ಮ ಮನೆಯಲ್ಲಿ ಇದೆಲ್ಲ ಹದಿನೈದು ವರ್ಷಗಳಿಂದ ನಡೆದುಬಂದಿದೆ. ಆದರೆ ಕಳೆದ ಮಾಘಮಾಸದಲ್ಲಿ ನಮ್ಮ ಕಿರಿಯ ಮಗನು ನಾನು ಪತ್ರಿಕೆ ಓದುತ್ತಿದ್ದಲ್ಲಿಗೆ ಬಂದು ನಿಂತು, "ಅಪ್ಪ, ಹೊಸ ಕಂಪ್ಯೂಟರು ಕೊಳ್ಳದೆ ಬೇರೆ ದಾರಿಯಿಲ್ಲ, 1,40,000 ರೂಪಾಯಿ ಆಗುತ್ತದೆ" ಎಂದಾಗ, ಚರ್ಮ, ಮರ, ಕರಣೆ ಇವಿಷ್ಟರಿಂದ ಆದ ವಾದ್ಯಕ್ಕೂ ಗಣಕಯಂತ್ರಕ್ಕೂ ಏನು ಸಂಬಂಧವೆಂದು ನಾನು ಮೊದಲಬಾರಿಗೆ ಯೋಚಿಸಬೇಕಾಯಿತು.

ಸಂಬಂಧವು ಹೀಗೆ ಬೆಳೆದುದು. 2020ರಲ್ಲಿ ಮಹಾಮಾರಿಯ ಕಾರಣದಿಂದ ಸಭೆಗಳು ಮುಚ್ಚಿದಾಗ, ಬೇರೆಬೇರೆ ಮನೆಗಳಲ್ಲಿ ಕುಳಿತ ವಿದ್ವಾಂಸರು ಅಂತರ್ಜಾಲದ ಮೂಲಕ ಒಟ್ಟಿಗೆ ಹಾಡಿ ಬಾರಿಸಲು ಪ್ರಯತ್ನಿಸಿದರು. ಅದು ಸಾಧ್ಯವಾಗಲಿಲ್ಲ. ಹಾಡು ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ತಾಳವು ಮುಂದೆ ಹೋಗಿರುತ್ತಿತ್ತು. ಆದುದರಿಂದ ಒಬ್ಬರು ಮೊದಲು ಹಾಡಿ ಮುದ್ರಿಸಿ ಕಳುಹಿಸುವುದು, ಇನ್ನೊಬ್ಬರು ಅದನ್ನು ಕಿವಿಗೆ ಹಾಕಿಕೊಂಡು ಕೇಳುತ್ತ ತಮ್ಮ ವಾದ್ಯವನ್ನು ಸೇರಿಸಿ ಹಿಂದಿರುಗಿಸುವುದು, ಈ ಪದ್ಧತಿಯು ಬಹಳ ಬಳಕೆಗೆ ಬಂತು. ಸಭೆಗಳು ತೆರೆದ ಮೇಲೂ ಅದು ನಿಲ್ಲಲಿಲ್ಲ. ನಮ್ಮವನಿಗೆ ನಾಲ್ಕು ಜನ ಶಿಷ್ಯರು, ತಿಂಗಳಿಗೆ ಒಂದೆರಡು ಕಛೇರಿ. ಮಿಕ್ಕ ಸಂಪಾದನೆಯೆಲ್ಲ ಈ ಮನೆಯ ಮುದ್ರಣದಿಂದಲೇ.

ಹೊರದೇಶದಲ್ಲಿರುವ ಒಬ್ಬ ನಾಟ್ಯಗುರುವಿನ ಶಿಷ್ಯೆಗೆ ರಂಗಪ್ರವೇಶವಿತ್ತು. ಗಾಯನವೂ ನಟ್ಟುವಾಂಗವೂ ಅಲ್ಲಿಯೇ ಮುದ್ರಣವಾಗಿ, ಮೃದಂಗವನ್ನು ಮಾತ್ರ ಇವನು ಇಲ್ಲಿ ಸೇರಿಸಿ ಕಳುಹಿಸಬೇಕಾಗಿತ್ತು. ಕಳುಹಿಸಿದನು. ಆಕೆಯಿಂದ ಉತ್ತರ ಬಂತು: ಜತಿಗಳಲ್ಲಿ ಮೃದಂಗವು ಒಂದು ಕೂದಲೆಳೆಯಷ್ಟು ಹಿಂದೆ ಬೀಳುತ್ತಿದೆ, ಹುಡುಗಿಯ ಪಾದಕ್ಕೂ ಪೆಟ್ಟಿಗೂ ಕೂಡುತ್ತಿಲ್ಲ. ಇವನು ರಾತ್ರಿಯೆಲ್ಲ ಕುಳಿತು ಮತ್ತೆ ನುಡಿಸಿ ಕಳುಹಿಸಿದನು. ಮತ್ತೆ ಅದೇ ಮಾತು. ಮೂರನೆಯ ಸಲ ಆಕೆ ಬಹು ಮರ್ಯಾದೆಯಿಂದಲೇ ಬರೆದರು, ಕಾಲ ಕಡಿಮೆಯಿರುವುದರಿಂದ ಬೇರೆಯವರನ್ನು ಕೇಳಿಕೊಳ್ಳುವೆನೆಂದು.

ಹಣ ಹೋದುದು ದೊಡ್ಡದಲ್ಲ. ಲಯ ತಪ್ಪಿತೆಂಬ ಮಾತು ಮೃದಂಗದವನಿಗೆ, ಅಪಶಬ್ದ ಬಂತೆಂಬ ಮಾತು ವೈಯಾಕರಣನಿಗೆ ಹೇಗೋ ಹಾಗೆ. ತಾನು ಮುದ್ರಿಸಿದುದನ್ನು ಇವನೇ ಕೇಳಿದರೆ ನಿಜವಾಗಿಯೂ ಏನೋ ಜಗ್ಗಿದಂತೆ ತೋರುತ್ತಿತ್ತು. ನುಡಿಸುವಾಗ ಮಾತ್ರ ಸರಿಯಾಗಿಯೇ ಇತ್ತು. ಕೈಯೇ ನಿಧಾನವಾಗಿದೆಯೆಂದು ನಿಶ್ಚಯಿಸಿ, ಬೇಕೆಂದೇ ಒಂದು ಎಳೆ ಮುಂದಾಗಿ ಬಾರಿಸುವುದನ್ನು ಅಭ್ಯಾಸಮಾಡತೊಡಗಿದನು. ಇದರ ಫಲವು ಮುಂದಿನ ಕಛೇರಿಯಲ್ಲಿ ಕಂಡಿತು. ಆ ದಿನ ನಾನೂ ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಪಲ್ಲವಿಯ ನಡುವೆ ಹಾಡುತ್ತಿದ್ದವರು ಎರಡು ಬಾರಿ ತಿರುಗಿ ಇವನ ಕಡೆ ನೋಡಿದರು. ಏನೂ ಹೇಳಲಿಲ್ಲ. ಮನೆಗೆ ಬಂದು ಇವನು ಊಟ ಮಾಡಲಿಲ್ಲ. ಮರುದಿನವೇ ಆ 1,40,000 ರೂಪಾಯಿಯ ಪ್ರಸ್ತಾಪ ಬಂದದ್ದು. ಅಂಗಡಿಯವನೊಬ್ಬನು ಹಳೆಯ ಯಂತ್ರಕ್ಕೆ ವೇಗ ಸಾಲದೆಂದು ಹೇಳಿದ್ದನಂತೆ. ಅಂಗಡಿಯವರು ಹೀಗೆ ಹೇಳದೆ ಇನ್ನೇನು ಹೇಳಿಯಾರು?

ಬ್ಯಾಂಕಿನ ಠೇವಣಿಯ ಕಾಗದವನ್ನು ನಾನು ಪೆಟ್ಟಿಗೆಯಿಂದ ತೆಗೆದೂ ಇಟ್ಟಿದ್ದೆ. ಅಷ್ಟರಲ್ಲಿ ಇವನ ಸಹಪಾಠಿಯೊಬ್ಬನು ಬಂದನು. ಆ ಹುಡುಗನು ಪಾಶ್ಚಾತ್ಯ ರೀತಿಯ ಡ್ರಮ್ಸ್ ನುಡಿಸುವವನು. ತನ್ನ ವಾದ್ಯವನ್ನು ಗಣಕಕ್ಕೆ ಜೋಡಿಸಿಕೊಂಡು ಮನೆಯಲ್ಲಿಯೇ ಮುದ್ರಿಸುವವನು. ಎಲ್ಲವನ್ನೂ ಕೇಳಿ ಅವನು, "ಕೈಯನ್ನು ಪರೀಕ್ಷೆಮಾಡುವ ಮೊದಲು ಯಂತ್ರವನ್ನು ಪರೀಕ್ಷೆಮಾಡೋಣ, ಮೇಷ್ಟ್ರೇ" ಎಂದನು.

ಆ ಪರೀಕ್ಷೆಯು ಎಷ್ಟು ಸರಳವೆಂದರೆ, ಯಾವ ಖರ್ಚೂ ಇಲ್ಲದೆ ಯಾರು ಬೇಕಾದರೂ ತಮ್ಮ ಮನೆಯಲ್ಲಿ ಮಾಡಿ ನೋಡಬಹುದು. ಗಣಕದಲ್ಲಿ ಟಿಕ್ ಟಿಕ್ ಎಂಬ ತಾಳದ ಸದ್ದನ್ನು ಒಂದು ಪಟ್ಟಿಯಲ್ಲಿ ಇಟ್ಟನು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ಕಿವಿಗೆ ಬದಲಾಗಿ ಮೈಕಿನ ಬಾಯಿಗೆ ಒತ್ತಿಹಿಡಿದನು. ಆ ಮೇಲೆ ಸದ್ದನ್ನು ನುಡಿಸುತ್ತ ಅದನ್ನೇ ಮೈಕಿನಿಂದ ಎರಡನೆಯ ಪಟ್ಟಿಗೆ ಮುದ್ರಿಸಿದನು. ಇಲ್ಲಿ ಮನುಷ್ಯನ ಕೈಯೇ ಇಲ್ಲ. ಯಂತ್ರವು ತಾನು ಆಡಿದ ಮಾತನ್ನು ತಾನೇ ಕೇಳಿ ಬರೆದುಕೊಳ್ಳುತ್ತಿದೆ. ಎರಡು ಪಟ್ಟಿಗಳಲ್ಲಿಯೂ ಆ ಟಿಕ್ಕುಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಪರದೆಯ ಮೇಲೆ ಹಿಗ್ಗಿಸಿ ಅಳೆದಾಗ ಕೆಳಗಿನ ಪ್ರತಿಯೊಂದು ಟಿಕ್ಕೂ 38 ಮಿಲಿಸೆಕೆಂಡು ತಡವಾಗಿ ಬಿದ್ದಿತ್ತು. ನನ್ನ ಮಗನು ಅದನ್ನು ನೋಡಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದನು.

ಸಂಸ್ಕೃತದಲ್ಲಿ ಗಣಕನೆಂದರೆ ಎಣಿಸುವವನು, ಜ್ಯೋತಿಷಿಯೆಂದು ಅರ್ಥವುಂಟು. ಎಣಿಸುವವನೇ ಎಣಿಕೆಯಲ್ಲಿ ಹಿಂದೆ ಬಿದ್ದರೆ ಮುಹೂರ್ತದ ಗತಿಯೇನು?

38 ಮಿಲಿಸೆಕೆಂಡೆಂದರೆ ಸೆಕೆಂಡಿನ ಇಪ್ಪತ್ತಾರನೆಯ ಒಂದು ಪಾಲು. ಇಷ್ಟಕ್ಕೆ ಇಷ್ಟು ರಾದ್ಧಾಂತವೇಕೆಂದು ನಾನು ಕೇಳಿದೆ. ಮಗನು ಲೆಕ್ಕ ಹೇಳಿದನು. ಅಕ್ಷರಕಾಲವು ಒಂದು ಸೆಕೆಂಡಿದ್ದರೆ, ಅದರೊಳಗೆ ಹದಿನಾರು ಪೆಟ್ಟುಗಳು ಬೀಳುವ ಕಡೆ ಒಂದು ಪೆಟ್ಟಿಗೂ ಮತ್ತೊಂದಕ್ಕೂ ಅಂತರವು ಸುಮಾರು 62 ಮಿಲಿಸೆಕೆಂಡು. 38 ಅದರ ಅರ್ಧಕ್ಕಿಂತಲೂ ಹೆಚ್ಚು. ಇನ್ನೊಂದು ಬಗೆಯಾಗಿಯೂ ಇದನ್ನು ಊಹಿಸಬಹುದು. ಶಬ್ದವು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರು ಹೋಗುತ್ತದೆ. ವೇದಿಕೆಯ ಮೇಲೆ ಗಾಯಕರಿಗೂ ಮೃದಂಗದವನಿಗೂ ಒಂದು ಮೀಟರಿನಷ್ಟು ದೂರವಿದ್ದರೆ ಮೂರು ಮಿಲಿಸೆಕೆಂಡು. ಅದು ಯಾರಿಗೂ ತೊಡಕಲ್ಲ. 38 ಮಿಲಿಸೆಕೆಂಡಾದರೋ, ಮೃದಂಗದವನನ್ನು ಹದಿಮೂರು ಮೀಟರು ದೂರದಲ್ಲಿ, ಸಭಿಕರ ಕೊನೆಯ ಸಾಲಿನಲ್ಲಿ ಕೂರಿಸಿದಂತೆ. ಪ್ರತ್ಯೇಕವಾದ ಎರಡನೆಯ ಪೆಟ್ಟಾಗಿ ಅದು ಕೇಳಿಸುವುದಿಲ್ಲ. ಬಾರಿಸಿದವನಿಗೆ ಮನಸ್ಸಿಲ್ಲವೇನೋ ಎಂಬಂತೆ ಕೇಳಿಸುತ್ತದೆ. ಅದೇ ಅನ್ಯಾಯ.

ಈ ವಿಳಂಬವು ಎಲ್ಲಿಂದ ಹುಟ್ಟುತ್ತದೆ? ತಾಳಶಾಸ್ತ್ರದವರು ಕ್ಷಣವೆಂಬ ಕಾಲಪ್ರಮಾಣವನ್ನು ಹೇಳುವಾಗ, ನೂರು ತಾವರೆಯೆಸಳುಗಳನ್ನು ಒಂದರ ಮೇಲೊಂದಿಟ್ಟು ಸೂಜಿಯಿಂದ ಚುಚ್ಚುವ ದೃಷ್ಟಾಂತವನ್ನು ಕೊಡುವುದುಂಟು. ಎಲ್ಲವೂ ಒಮ್ಮೆಲೇ ತೂತಾದಂತೆ ಕಂಡರೂ ಸೂಜಿಯು ಒಂದೊಂದನ್ನೇ ದಾಟಿ ಹೋಗಿರುತ್ತದೆ. ಗಣಕದೊಳಗೂ ಅಷ್ಟೆ. ಮೈಕಿನಿಂದ ಬಂದ ಧ್ವನಿಯನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕೆಗಳಾಗಿ ಬರೆಯುತ್ತಾರೆ. ಆ ಅಂಕೆಗಳು ಒಂದೊಂದಾಗಿ ಒಳಗೆ ಹೋಗುವುದಿಲ್ಲ. ಕೊಡ ತುಂಬಿದ ಮೇಲೆ ಹೊತ್ತೊಯ್ಯುವಂತೆ, ಇಂತಿಷ್ಟು ಅಂಕೆಗಳು ಕೂಡಿದ ಮೇಲೆ ಒಟ್ಟಿಗೆ ಹೋಗುತ್ತವೆ. ಈ ಕೊಡಕ್ಕೆ ಬಫರ್ ಎಂದು ಹೆಸರು. 128 ಅಂಕೆಗಳ ಕೊಡವು 48,000ದ ಲೆಕ್ಕದಲ್ಲಿ ಸುಮಾರು 2.7 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. 1,024ರದು ತುಂಬಲು 21 ಮಿಲಿಸೆಕೆಂಡು ಬೇಕು. ಒಳಗೆ ಬರುವಾಗ ಒಂದು ಕೊಡ, ಹೊರಗೆ ಕಿವಿಗೆ ಹೋಗುವಾಗ ಇನ್ನೊಂದು ಕೊಡ. ಹಾಗಾದರೆ ಚಿಕ್ಕ ಕೊಡವನ್ನೇ ಇಟ್ಟುಕೊಳ್ಳಬಾರದೆ ಎಂದರೆ, ಹೊರುವವನು ಮೇಲಿಂದ ಮೇಲೆ ಓಡಾಡಿ ಏದುಸಿರು ಬಿಟ್ಟು ಒಮ್ಮೆ ಎಡವುತ್ತಾನೆ. ಎಡವಿದ ಕಡೆ ಮುದ್ರಣದಲ್ಲಿ ಚಟ್ ಎಂಬ ಸದ್ದು ಬೀಳುತ್ತದೆ. ಯಂತ್ರದ ಶಕ್ತಿಯು ಬೇಕಾಗುವುದು ಮುಖ್ಯವಾಗಿ ಇಲ್ಲಿ.

ಮುದ್ರಿಸುವ ತಂತ್ರಾಂಶವು ಅರಿಯದುದಲ್ಲ. ಇಷ್ಟು ತಡವಾಗಿದೆಯೆಂದು ಯಂತ್ರವು ತಿಳಿಸಿದರೆ, ಮುದ್ರಿತವಾದ ಪೆಟ್ಟನ್ನು ಅಷ್ಟೇ ಹಿಂದಕ್ಕೆ ಸರಿಸಿ ಸರಿಯಾದ ಜಾಗದಲ್ಲಿ ಇಡುತ್ತದೆ. ನಮ್ಮ ಮನೆಯಲ್ಲಿ ಆಗಿದ್ದುದು ಏನೆಂದರೆ, ಮೈಕು ತನ್ನದೇ ತಂತಿಯಿಂದ ಯುಎಸ್‌ಬಿ ರಂಧ್ರಕ್ಕೆ ಸೇರಿತ್ತು. ಹೆಡ್‌ಫೋನು ಗಣಕದ ಸ್ವಂತ ರಂಧ್ರಕ್ಕೆ ಸೇರಿತ್ತು. ಒಳಬಾಗಿಲು ಬೇರೆ, ಹೊರಬಾಗಿಲು ಬೇರೆ, ಎರಡಕ್ಕೂ ಪ್ರತ್ಯೇಕ ಗಡಿಯಾರ. ನಡುವೆ ಗಣಕವು ಕೊಟ್ಟ ವಿಳಂಬದ ಲೆಕ್ಕವು ನಿಜವಾದ ವಿಳಂಬಕ್ಕಿಂತ ಕಡಿಮೆಯಾಗಿತ್ತು. ತಂತ್ರಾಂಶವು ಅದನ್ನೇ ನಂಬಿತ್ತು. ಸುಳ್ಳುಸಾಕ್ಷಿಯ ಮೇಲೆ ನ್ಯಾಯತೀರ್ಮಾನವಾದಂತೆ ಆಯಿತು.

ತಂತಿಯಿಲ್ಲದ ಹೆಡ್‌ಫೋನುಗಳ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬ್ಲೂಟೂತ್ ಎಂಬ ಆ ಬಗೆಯವುಗಳಲ್ಲಿ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಮೇಲ್ಪಟ್ಟು ವಿಳಂಬವುಂಟು. ಪುರಾಣ ಕೇಳುವುದಕ್ಕೆ ಅವು ಉತ್ತಮ. ವಾದ್ಯ ನುಡಿಸುವಾಗ ಕಿವಿಗೆ ತಗಲಿಸಕೂಡದು.

ನಮ್ಮ ಉಪಕಾರಿಯಾದ ಆ ಡ್ರಮ್ಸಿನ ಹುಡುಗನ ಏರ್ಪಾಡನ್ನು ಒಂದು ಭಾನುವಾರ ನಾನೇ ಹೋಗಿ ನೋಡಿದೆ. ಅವರಿರುವುದು ಮೂರನೆಯ ಅಂತಸ್ತು. ಅಲ್ಲಿ ನಿಜವಾದ ಡ್ರಮ್ಸ್ ಬಾರಿಸಿದರೆ ಕೆಳಗಿನ ಮನೆಯವರು ಸುಮ್ಮನಿರುವುದಿಲ್ಲ. ಆದುದರಿಂದ ಅವನದು ವಿದ್ಯುತ್ತಿನ ವಾದ್ಯ. ಚರ್ಮಕ್ಕೆ ಬದಲಾಗಿ ಬಲೆಯಂತಹ ಬಟ್ಟೆ ಬಿಗಿದ ತಟ್ಟೆಗಳು. ಹೊಡೆದರೆ ಹಲಗೆಯ ಮೇಲೆ ಬೆರಳಾಡಿಸಿದಷ್ಟೇ ಸದ್ದು. ಜಪಾನಿನ ರೋಲೆಂಡ್ ಸಂಸ್ಥೆಯವರು ಇಂತಹ ಬಲೆಯ ಮುಖವುಳ್ಳ ವಾದ್ಯವನ್ನು 1997ರಲ್ಲಿ ಮಾರುಕಟ್ಟೆಗೆ ತಂದರು. ಪ್ರತಿಯೊಂದು ತಟ್ಟೆಯ ಅಡಿಯಲ್ಲಿಯೂ ಪೆಟ್ಟನ್ನು ಅರಿಯುವ ಒಂದು ಸಾಧನವಿದೆ. ಅದು ಗಣಕಕ್ಕೆ ಧ್ವನಿಯನ್ನು ಕಳುಹಿಸುವುದಿಲ್ಲ. ಯಾವ ತಟ್ಟೆಗೆ, ಯಾವಾಗ, ಎಷ್ಟು ಬಲದಿಂದ ಪೆಟ್ಟು ಬಿತ್ತೆಂಬ ಸುದ್ದಿಯನ್ನು ಮಾತ್ರ ಕಳುಹಿಸುತ್ತದೆ. ಈ ಸುದ್ದಿಯ ಭಾಷೆಗೆ ಮಿಡಿ ಎಂದು ಹೆಸರು, 1983ರಿಂದ ಬಳಕೆಯಲ್ಲಿದೆ. ಅದರಲ್ಲಿ ಪೆಟ್ಟಿನ ಬಲಕ್ಕೆ 127ರವರೆಗೆ ಮೆಟ್ಟಲುಗಳು. ಸುದ್ದಿ ತಲುಪಿದೊಡನೆ ಗಣಕವು ತನ್ನ ಭಂಡಾರದಿಂದ, ಎಲ್ಲೋ ದೊಡ್ಡ ಮುದ್ರಣಶಾಲೆಯಲ್ಲಿ ನಿಜವಾದ ಡ್ರಮ್ಮನ್ನು ಅಷ್ಟೇ ಬಲದಿಂದ ಬಾರಿಸಿ ಹಿಡಿದಿಟ್ಟ ಧ್ವನಿಯನ್ನು ತೆಗೆದು ಅವನ ಕಿವಿಗೆ ಕೊಡುತ್ತದೆ.

ಇಂತಹ ಭಂಡಾರಗಳು ಹತ್ತಾರು ಗಿಗಾಬೈಟು ತೂಗುವುದುಂಟು. ಒಂದೇ ಡ್ರಮ್ಮನ್ನು ಮೆಲ್ಲಗೆ, ಗಟ್ಟಿಯಾಗಿ, ಅಂಚಿನಲ್ಲಿ, ನಡುವೆ ಎಂದು ನೂರಾರು ಬಗೆಯಾಗಿ ಹಿಡಿದಿರುತ್ತಾರೆ. ಅವನ್ನು ಕೈಗೆಟಕುವಂತೆ ಇಟ್ಟುಕೊಳ್ಳಲು ಗಣಕಕ್ಕೆ 16 ಗಿಗಾಬೈಟಿನ ಸ್ಮೃತಿಯೂ, ತಿರುಗುವ ತಟ್ಟೆಯಿಲ್ಲದ ವೇಗದ ಎಸ್‌ಎಸ್‌ಡಿ ಸಂಗ್ರಹವೂ ಇರಬೇಕೆಂದು ಅವನು ಹೇಳಿದನು. ಅವನ ಪೆಟ್ಟು ಅವನ ಕಿವಿಗೆ ಬರುವುದೇ ಗಣಕದ ಮೂಲಕ. ಆದುದರಿಂದ ಅವನ ಕೊಡವು ಚಿಕ್ಕದಿರಲೇಬೇಕು, ಹೊರುವವನು ಬಲಶಾಲಿಯಾಗಿರಲೇಬೇಕು. ಅವನಿಗೆ ದುಬಾರಿ ಯಂತ್ರವು ವ್ಯರ್ಥವಲ್ಲ.

ಮೃದಂಗದ ವಿಷಯ ಹಾಗಲ್ಲ. ನಮ್ಮವನ ಪೆಟ್ಟು ಚರ್ಮದಿಂದ ನೇರವಾಗಿ ಅವನ ಕಿವಿಗೆ ಬೀಳುತ್ತದೆ. ಗಣಕದ ಕೆಲಸವು ಕೇಳಿ ಬರೆದುಕೊಳ್ಳುವುದಷ್ಟೆ. ಹೊಸ ಯಂತ್ರ ಬೇಡವೆಂದು ಆ ಭಾನುವಾರವೇ ನನಗೆ ಸ್ಪಷ್ಟವಾಯಿತು.

ಮೃದಂಗವನ್ನೂ 127 ಮೆಟ್ಟಲುಗಳಿಗೆ ಇಳಿಸಿ ಭಂಡಾರದಿಂದ ಧ್ವನಿ ತೆಗೆಯುವ ಏರ್ಪಾಡುಗಳಿವೆ. ಮಗನಿಗೆ ಅವು ಹಿಡಿಸಲಿಲ್ಲ. ಇದಕ್ಕೆ ಕಾರಣವನ್ನು ನಾನು ಸರ್ ಸಿ. ವಿ. ರಾಮನ್ನರ ಲೇಖನದ ನೆನಪಿನಿಂದ ಊಹಿಸುತ್ತೇನೆ. ಬರಿಯ ಚರ್ಮವನ್ನು ಬಿಗಿದು ಹೊಡೆದರೆ ಹುಟ್ಟುವ ಉಪಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂಬ ನೇರ ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದಲೇ ಹೆಚ್ಚಿನ ನಗಾರಿಗಳು ಸದ್ದು ಮಾಡುತ್ತವೆಯೇ ಹೊರತು ಶ್ರುತಿಗೆ ನಿಲ್ಲುವುದಿಲ್ಲ. ಬಲಮುಖದ ನಡುವೆ ಕರಣೆಯನ್ನು ಹಾಕಿ ನಮ್ಮ ಹಿರಿಯರು ಈ ದೋಷವನ್ನು ಪರಿಹರಿಸಿದರು. ರಾಮನ್ನರು 1920ರಲ್ಲಿ ಈ ವಿಚಾರವನ್ನು ಮೊದಲು ಪ್ರಕಟಿಸಿ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತಾರವಾಗಿ ಬರೆದರು. ಆ ಮುಖದ ಒಂಬತ್ತು ಬಗೆಯ ಕಂಪನಗಳು ಕೂಡಿಕೊಂಡು ಐದೇ ಸ್ವರಗಳಾಗಿ, ತಂತಿವಾದ್ಯದಂತೆ ಕ್ರಮವಾಗಿ ನಿಲ್ಲುವುವೆಂದು ಅವರು ತೋರಿಸಿದರು. ಬೆರಳನ್ನು ಒಂದು ನೂಲಿನಷ್ಟು ಆಚೀಚೆ ಇಟ್ಟರೆ ಈ ಐದರಲ್ಲಿ ಒಂದು ಅಡಗುತ್ತದೆ, ಮತ್ತೊಂದು ಏಳುತ್ತದೆ. ಅದನ್ನು ಬಲ ಇಷ್ಟು ಎಂಬ ಒಂದೇ ಅಂಕೆಯಿಂದ ಹೇಳುವುದು, ಶ್ಲೋಕವನ್ನು ಅದರ ಅಕ್ಷರಗಳ ಸಂಖ್ಯೆಯಿಂದ ಹೇಳಿದಂತೆ. ಎಡಮುಖದ ಗುಮಕಿಯ ಮಾತಂತೂ ಬೇಡವೇ ಬೇಡ.

ಕೊನೆಗೆ ಕೊಂಡದ್ದು ಒಂದು ಸಣ್ಣ ಪೆಟ್ಟಿಗೆ. ಆಡಿಯೊ ಇಂಟರ್‌ಫೇಸ್ ಎನ್ನುತ್ತಾರೆ. ಪಂಚಪಾತ್ರೆಯ ತಟ್ಟೆಗಿಂತ ದೊಡ್ಡದಲ್ಲ. ಬೆಲೆ 15,000 ರೂಪಾಯಿಯ ಒಳಗೆ. ಇದರಲ್ಲಿ ಎರಡು ಮೈಕುಗಳಿಗೆ ಸ್ಥಳವುಂಟು, ಹೆಡ್‌ಫೋನಿಗೂ ಸ್ಥಳವುಂಟು. ಹೀಗೆ ಒಳಬಾಗಿಲೂ ಹೊರಬಾಗಿಲೂ ಒಂದೇ ಆಗಿ, ಒಂದೇ ಗಡಿಯಾರಕ್ಕೆ ನಡೆಯುತ್ತವೆ. ವಿಂಡೋಸಿನ ಗಣಕಗಳಲ್ಲಿ ಇದರೊಡನೆ ಆಸಿಯೋ ಎಂಬ ಚಾಲಕವನ್ನು ಹಾಕಬೇಕು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯವರು ರೂಪಿಸಿದ ಈ ಪದ್ಧತಿಯು ನಡುವಿನ ಅಡೆತಡೆಗಳನ್ನು ಬಿಟ್ಟು ಧ್ವನಿಯನ್ನು ನೇರವಾಗಿ ತಂತ್ರಾಂಶಕ್ಕೆ ಮುಟ್ಟಿಸುತ್ತದೆ. ಆಪಲ್‌ನ ಗಣಕಗಳಲ್ಲಿ ಇದಕ್ಕೆ ಸಮನಾದುದು ಮೊದಲೇ ಇರುತ್ತದೆ. ಎರಡು ಮೈಕುಗಳನ್ನು ಬೇರೆಯಾಗಿ ಕೊಳ್ಳಬೇಕಾಯಿತು, ಬಲಕ್ಕೊಂದು, ಎಡಕ್ಕೊಂದು. ಕಂಡೆನ್ಸರ್ ಜಾತಿಯ ಈ ಮೈಕುಗಳಿಗೆ 48 ವೋಲ್ಟು ವಿದ್ಯುತ್ತು ಬೇಕು. ಆ ಪೆಟ್ಟಿಗೆಯ ಮೇಲಿನ ಗುಂಡಿಯನ್ನು ಒತ್ತಿದರೆ ಅದೇ ತಂತಿಯಲ್ಲಿ ಹರಿದು ಬರುತ್ತದೆ. ಹಳೆಯ ಗಣಕವು ಇದ್ದಲ್ಲಿಯೇ ಇದೆ.

ಉಳಿದುದು ಕೋಣೆ. ಇದಕ್ಕೆ ಅಂಗಡಿಯಲ್ಲಿ ಮಾರುವ ಪದಾರ್ಥಕ್ಕಿಂತ ಮನೆಯಾಕೆಯ ಒಪ್ಪಿಗೆಯು ಮುಖ್ಯ. ಬರಿಗೋಡೆಯ ಕೋಣೆಯಲ್ಲಿ ಪೆಟ್ಟು ಮಾರ್ದನಿಗೊಟ್ಟು ಕಲಸಿಹೋಗುತ್ತದೆಂದು, ನೆಂಟರಿಗೆಂದು ಇಟ್ಟಿದ್ದ ಎರಡು ಹತ್ತಿಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿದೆವು. ನನ್ನ ಪುಸ್ತಕದ ಬೀರುವನ್ನೂ ಅಲ್ಲಿಗೇ ಸಾಗಿಸಲಾಯಿತು. ಗಾತ್ರದಲ್ಲಿ ಏರುಪೇರಾದ ಪುಸ್ತಕಗಳ ಸಾಲು ಧ್ವನಿಯನ್ನು ಚದರಿಸುವುದಕ್ಕೆ ಒಳ್ಳೆಯದಂತೆ. ನಲವತ್ತು ವರ್ಷ ಕೂಡಿಟ್ಟ ವ್ಯಾಖ್ಯಾನಗ್ರಂಥಗಳಿಗೆ ಇಂತಹ ಒಂದು ಪ್ರಯೋಜನವಿದೆಯೆಂದು ನಾನು ಎಣಿಸಿರಲಿಲ್ಲ. ಗಣಕದೊಳಗಿನ ಬೀಸಣಿಗೆಯ ಗುಂಯ್‌ಗುಟ್ಟುವಿಕೆಯೂ ಮೈಕಿಗೆ ಕೇಳಿಸುತ್ತದೆ. ಆದುದರಿಂದ ಗಣಕವನ್ನು ಬಾಗಿಲ ಹೊರಗಿಟ್ಟು, ತಂತಿಯನ್ನು ಬಾಗಿಲ ಸಂದಿನಿಂದ ಒಳಗೆ ತಂದೆವು. ಮುದ್ರಣದ ಗುಂಡಿಯನ್ನು ಒತ್ತುವ ಅಧಿಕಾರವು ಹೀಗೆ ನನ್ನ ಪಾಲಿಗೆ ಬಂತು.

ಆರಂಭಕ್ಕೆ ಮುನ್ನ ಧ್ವನಿಯ ಮಟ್ಟವನ್ನು ನಿಶ್ಚಯಿಸುವಾಗ ಹುಡುಗರು ಮಾಡುವ ತಪ್ಪೊಂದುಂಟು. ಸಂಕೋಚದಿಂದ ಮೆಲ್ಲಗೆ ನಾಲ್ಕು ಪೆಟ್ಟು ಹೊಡೆದು ಸರಿಯಾಗಿದೆ ಎನ್ನುತ್ತಾರೆ. ಆ ಮೇಲೆ ಉತ್ಸಾಹ ಏರಿದಾಗ ಪೆಟ್ಟುಗಳು ಮಿತಿಮೀರಿ ತಲೆ ಕತ್ತರಿಸಿದಂತೆ ಮುದ್ರಿತವಾಗುತ್ತವೆ. ಹಾಗೆ ಕತ್ತರಿಸಿಹೋದುದು ಮತ್ತೆ ಮೊದಲಿನಂತಾಗುವುದಿಲ್ಲ. ಅತ್ಯಂತ ಗಟ್ಟಿಯಾದ ಭಾಗವನ್ನು ಮೊದಲೇ ನುಡಿಸಿ, ಅದಕ್ಕಿಂತಲೂ ಮೇಲೆ ಸಾಕಷ್ಟು ಜಾಗ ಬಿಟ್ಟು ಮಟ್ಟವನ್ನು ಇಡತಕ್ಕದ್ದು. 24 ಬಿಟ್ಟಿನಲ್ಲಿ, ಸೆಕೆಂಡಿಗೆ 48,000ದಂತೆ ಎರಡು ಮೈಕುಗಳಿಂದ ಒಂದು ಗಂಟೆ ಮುದ್ರಿಸಿದರೆ ಸುಮಾರು ಒಂದು ಗಿಗಾಬೈಟು ಆಗುತ್ತದೆ. ಇದನ್ನು ಎರಡು ಬೇರೆ ಸಂಗ್ರಹಗಳಲ್ಲಿ ಇಡಿಸುವುದು ನನ್ನ ಹಟ. ತಾಳೆಗರಿಯ ಗ್ರಂಥಗಳ ಒಂಟಿಪ್ರತಿಗಳು ಗೆದ್ದಲಿಗೆ ಹೋದುದನ್ನು ಕಂಡವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ.

ಹೊಸ ಪೆಟ್ಟಿಗೆ ಬಂದ ದಿನ ಮತ್ತೆ ಆ ಟಿಕ್ಕಿನ ಪರೀಕ್ಷೆಯನ್ನು ಮಾಡಿದೆವು. ಅಂತರವು ಒಂದು ಮಿಲಿಸೆಕೆಂಡಿಗೂ ಕಡಿಮೆಯಿತ್ತು. ಆದರೆ ಯಂತ್ರವು ಒಂದು ದಿನದಲ್ಲಿ ಸರಿಯಾದಂತೆ ಕೈ ಸರಿಯಾಗಲಿಲ್ಲ. ಮುಂದೆ ಬೀಳುವುದನ್ನು ಮೂರು ತಿಂಗಳು ಸಾಧಿಸಿದವನು ಅದನ್ನು ಬಿಡುವುದಕ್ಕೂ ಅಷ್ಟೇ ಕಾಲ ಹಿಡಿಯಿತು. ಅವನ ಗುರುಗಳು ನಡೆದುದನ್ನೆಲ್ಲ ಕೇಳಿ ನಕ್ಕು, ಗಣಕವನ್ನು ಮುಚ್ಚಿಸಿ, ದಿನವೂ ಬೆಳಿಗ್ಗೆ ವಿಳಂಬಕಾಲದಲ್ಲಿ ಬರಿಯ ಮೊದಲ ಪಾಠಗಳನ್ನೇ ನುಡಿಸಲು ಹೇಳಿದರು. ಚೈತ್ರ, ವೈಶಾಖಗಳೆಲ್ಲ ನಮ್ಮ ಮನೆಯಲ್ಲಿ ತ ದಿ ತೊಂ ನಂ ಬಿಟ್ಟು ಮತ್ತೇನೂ ಕೇಳಿಸಲಿಲ್ಲ. ಆಷಾಢದಲ್ಲಿ, ಹಿಂದೆ ಕಛೇರಿಯಲ್ಲಿ ತಿರುಗಿ ನೋಡಿದ್ದ ಗಾಯಕರೇ ಮತ್ತೆ ಕರೆದರು. ಆ ದಿನ ಅವರು ಇವನ ಕಡೆ ಒಮ್ಮೆಯೂ ನೋಡಲಿಲ್ಲ.

ನಾಟ್ಯಗುರುವಿಗೆ ನಿಜಸ್ಥಿತಿಯನ್ನು ತಿಳಿಸಿ ಬರೆಯೆಂದು ನಾನು ಹೇಳಿದೆ. ಅವನು ಬರೆಯಲಿಲ್ಲ. ಹಳೆಯ ಮೂರನೆಯ ಮುದ್ರಣವನ್ನೇ ತೆಗೆದು, ಮೃದಂಗದ ಪಟ್ಟಿಯನ್ನು 38 ಮಿಲಿಸೆಕೆಂಡು ಹಿಂದಕ್ಕೆ ಸರಿಸಿ, ಬೇರೆ ಯಾವ ಬದಲಾವಣೆಯನ್ನೂ ಮಾಡದೆ ಕಳುಹಿಸಿದನು. ರಂಗಪ್ರವೇಶವು ಅಷ್ಟರಲ್ಲಿ ಮುಗಿದುಹೋಗಿತ್ತು. ನಾಲ್ಕು ದಿನಗಳ ಮೇಲೆ ಆಕೆಯಿಂದ ಇನ್ನೊಂದು ವರ್ಣ ಬಂದಿದೆ, ಮೃದಂಗ ಸೇರಿಸಿಕೊಡಬೇಕೆಂದು. ಇಂದು ಮಧ್ಯಾಹ್ನ ಅದರ ಮುದ್ರಣ. ಬೀಸಣಿಗೆಯನ್ನು ನಿಲ್ಲಿಸಿ ಬಾಗಿಲು ಹಾಕಿಕೊಂಡಿದ್ದಾನೆ. ಒಳಗಿನಿಂದ ಕರೆಯುತ್ತಿದ್ದಾನೆ, ಗುಂಡಿ ಒತ್ತಬೇಕಂತೆ.